ಗಾಲ್ಜಿಯೊಳಗಿನ ಕೈನೇಸ್‌ಗಳಿಗೂ ಕ್ಯಾನ್ಸರ್‌ಗೂ ನಿಜವಾಗಿ ಎಷ್ಟು ಸಂಬಂಧ? ಸೆಮಿನಾರ್ ಇದೆ, ಸ್ವಲ್ಪ ಬಿಡಿಸಿ ಹೇಳಿ

ಗುಮ್ಮಟದೂರಿನವಳು (ವಿಜಯಪುರ):

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಎಂಎಸ್ಸಿ ಬಯೋಕೆಮಿಸ್ಟ್ರಿ ಎರಡನೇ ವರ್ಷ. ಮುಂದಿನ ವಾರ ಸೆಮಿನಾರ್ ಇದೆ. ಗೈಡ್ ಮೇಡಂ ಕೊಟ್ಟ ವಿಷಯ ಸೆಕ್ರೆಟರಿ ಪಾಥ್‌ವೇ (ಕೋಶ ತನ್ನ ಪ್ರೋಟೀನ್‌ಗಳನ್ನು ಹೊರಗೆ ಕಳಿಸುವ ದಾರಿ) ಒಳಗೆ ಕೆಲಸ ಮಾಡುವ ಕೈನೇಸ್‌ಗಳು ಮತ್ತು ಕ್ಯಾನ್ಸರ್. ಫ್ಯಾಮ್20ಸಿ, ವಿಎಲ್‌ಕೆ, ಎಫ್‌ಜೆಎಕ್ಸ್1, ಫ್ಯಾಮ್198ಬಿ, ಪಿಒಎಂಕೆ ಅಂತ ಹೆಸರುಗಳ ಸಾಲೇ ಇದೆ. ಓದುತ್ತಾ ಹೋದಂತೆ ತಲೆ ಇನ್ನೂ ಕೆಡುತ್ತಿದೆ.

ಮೊದಲ ಗೊಂದಲ ಇದು. ಕೈನೇಸ್ ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು ಎಟಿಪಿಯಿಂದ ಫಾಸ್ಫೇಟ್ ತೆಗೆದು ಪ್ರೋಟೀನಿಗೆ ಅಂಟಿಸುವ ಎಂಜೈಮ್. ಎಟಿಪಿ ಇರುವುದು ಸೈಟೋಸಾಲ್‌ನಲ್ಲಿ, ಅಂದರೆ ಕೋಶದೊಳಗಿನ ದ್ರವದಲ್ಲಿ, ಅಂತ ಬಿಎಸ್ಸಿಯಿಂದ ಓದಿಕೊಂಡು ಬಂದಿದ್ದೇವೆ. ಹಾಗಿದ್ದರೆ ಹೊರಗೆ ಹೋಗುವ ಪ್ರೋಟೀನ್‌ಗಳು ಹಾದುಹೋಗುವ ಪೊರೆಯ ಚೀಲ ಗಾಲ್ಜಿ, ಅದರ ಒಳಗೆ ಕೂತ ಕೈನೇಸ್‌ಗೆ ಎಟಿಪಿ ಎಲ್ಲಿಂದ ಬಂತು?

ಎರಡನೆಯದು, ಒಂದು ಪೇಪರ್ ಇವು ಜಾಸ್ತಿ ಇದ್ದರೆ ಕ್ಯಾನ್ಸರ್ ಹರಡುತ್ತದೆ ಅನ್ನುತ್ತದೆ, ಇನ್ನೊಂದು ಜಾಸ್ತಿ ಇದ್ದರೆ ರೋಗಿ ಹೆಚ್ಚು ದಿನ ಬದುಕುತ್ತಾರೆ ಅನ್ನುತ್ತದೆ. ಯಾವುದನ್ನು ಸ್ಲೈಡಿಗೆ ಹಾಕಲಿ? ರಕ್ತದ ಕ್ಯಾನ್ಸರಿಗೆ ಕೊಡುವ ಕೈನೇಸ್ ತಡೆಯುವ ಔಷಧ ಇಮ್ಯಾಟಿನಿಬ್ ಇದೆಯಲ್ಲ, ಅದರ ತರಹ ಇವುಗಳಿಗೂ ಔಷಧ ಇದೆಯಾ?

ಇನ್ನೊಂದು ಮಾತು, ಇದು ಸೆಮಿನಾರಿಗಲ್ಲ. ನಮ್ಮ ಅತ್ತೆಗೆ ಬೆಳಗಾವಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ನಡೆದಿದೆ. ಅವರ ಮಗ ನನ್ನ ಪಿಪಿಟಿ ನೋಡಿ, ಈ ಫ್ಯಾಮ್20ಸಿ ಟೆಸ್ಟ್ ಅವ್ವನಿಗೂ ಮಾಡಿಸೋಣ, ಎಲ್ಲಿ ಮಾಡುತ್ತಾರೆ ಅಂತ ಕೇಳುತ್ತಿದ್ದಾನೆ. ಏನು ಹೇಳಲಿ?

---

ಘಟಪ್ರಭಾ_ದಂಡೆ:

ತಂಗಿ, ಒಳ್ಳೆ ವಿಷಯ ಸಿಕ್ಕಿದೆ ನಿನಗೆ. ನಾನು ಬಾಗಲಕೋಟೆ ಕಡೆಯವನು, ಈಗ ಊರು ಬಿಟ್ಟು ಲ್ಯಾಬ್‌ನಲ್ಲಿದ್ದೇನೆ, ಕೈನೇಸ್‌ಗಳೇ ನನ್ನ ದಿನದ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಹಿಡಿದು ಕೂತುಕೋ.

ಎಟಿಪಿ ಪ್ರಶ್ನೆ ಮೊದಲು. ಹೊರಗೆ ಹೋಗುವ ಪ್ರೋಟೀನ್ ಮೊದಲು ತಯಾರಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಆಮೇಲೆ ಬರುವ ಗಾಲ್ಜಿ, ಇವೆರಡರ ಪೊರೆಯಲ್ಲೂ ಎಟಿಪಿಯನ್ನು ಒಳಗೆ ಸಾಗಿಸುವ ಪ್ರೋಟೀನ್‌ಗಳಿವೆ. ರೆಟಿಕ್ಯುಲಮ್‌ಗೆ ಎಟಿಪಿ ತರುವುದು ಎಸ್‌ಎಲ್‌ಸಿ35ಬಿ1 ಅಂತ 2018ರಲ್ಲಿ ತೋರಿಸಿದರು. ಅಲ್ಲಿ ಪ್ರೋಟೀನ್ ಮಡಚಲು ಸಹಾಯ ಮಾಡುವ ಬಿಐಪಿಗೂ ಎಟಿಪಿ ಬೇಕಲ್ಲ, ಸುಮ್ನೆ ಹೇಗೆ ನಡೆದೀತು? ಹಾಗಾಗಿ ಅಲ್ಲಿ ಎಟಿಪಿ ಇರುವುದು ವಿಚಿತ್ರವೇನಲ್ಲ. ಆ ಜಾಗದಲ್ಲಿ ಕೈನೇಸ್ ಇದೆ ಅಂತ ಬಹಳ ಕಾಲ ಗೊತ್ತಾಗದೇ ಇದ್ದದ್ದೇ ವಿಚಿತ್ರ.

ಕಥೆ ಶುರುವಾಗುವುದು ಹಾಲಿನಿಂದ. ಹಾಲಿನ ಕೇಸೀನ್ ಪ್ರೋಟೀನಿನಲ್ಲಿ ರಂಜಕ ಇದೆ ಅಂತ ಸ್ವೀಡನ್ನಿನ ಒಲೋಫ್ ಹಾಮರ್ಸ್ಟೆನ್ 1883ರಲ್ಲೇ ಹೇಳಿದರು. 1954ರಲ್ಲಿ ಬರ್ನೆಟ್ ಮತ್ತು ಕೆನೆಡಿ ಒಂದು ಎಂಜೈಮ್ ಕೇಸೀನಿಗೆ ಫಾಸ್ಫೇಟ್ ಹಚ್ಚುವುದನ್ನು ತೋರಿಸಿದರು. ಆಮೇಲೆ ಕೇಸೀನ್ ಕೈನೇಸ್ 1, ಕೇಸೀನ್ ಕೈನೇಸ್ 2 ಅಂತ ಬಂದವು. ಆದರೆ ಅವೆರಡೂ ಸೈಟೋಸಾಲ್ ಮತ್ತು ನ್ಯೂಕ್ಲಿಯಸ್‌ನಲ್ಲಿ ಇರುವಂಥವು, ಕೇಸೀನ್ ಮುಖವನ್ನೇ ನೋಡುವುದಿಲ್ಲ. ಕೆಚ್ಚಲಿನ ಕೋಶದಲ್ಲಿ ಕೇಸೀನಿಗೆ ನಿಜವಾಗಿ ಫಾಸ್ಫೇಟ್ ಹಚ್ಚುವವ ಯಾರು ಅನ್ನುವುದು ಪತ್ತೆಯಾಗಿದ್ದು 2012ರಲ್ಲಿ. ಸ್ಯಾನ್ ಡಿಯಾಗೋದಲ್ಲಿ ಜ್ಯಾಕ್ ಡಿಕ್ಸನ್ ಲ್ಯಾಬಿನ ವಿನ್ಸೆಂಟ್ ಟಾಲಿಯಾಬ್ರಾಚಿ ಮತ್ತು ಜೊತೆಯವರು ಅದು ಫ್ಯಾಮ್20ಸಿ ಅಂತ ತೋರಿಸಿದರು. 2002ರಲ್ಲಿ ಮನುಷ್ಯರ 518 ಕೈನೇಸ್‌ಗಳ ಪಟ್ಟಿ ಮಾಡಿದರಲ್ಲ, ಅದರಲ್ಲಿ ಫ್ಯಾಮ್20 ಕುಟುಂಬ ಇರಲೇ ಇಲ್ಲ. ಇವುಗಳ ಅಮೈನೋ ಆಮ್ಲದ ಸಾಲು ಮಾಮೂಲಿ ಕೈನೇಸ್‌ಗಳಿಂದ ಅಷ್ಟು ದೂರ. ಪಿಒಎಂಕೆ ಪಟ್ಟಿಯಲ್ಲಿತ್ತು, ಆದರೆ ಅದು ಸತ್ತ ಕೈನೇಸ್ ಅಂತ ಪಕ್ಕಕ್ಕೆ ಇಟ್ಟಿದ್ದರು. 2013ರಲ್ಲಿ ನೋಡಿದರೆ ಅದು ಪ್ರೋಟೀನಿಗಲ್ಲ, ಕೋಶವನ್ನು ಸುತ್ತಲಿನ ಜಾಲಕ್ಕೆ ಹಿಡಿಸುವ ಡಿಸ್ಟ್ರೋಗ್ಲೈಕಾನ್ ಪ್ರೋಟೀನಿನ ಮೇಲಿರುವ ಮ್ಯಾನೋಸ್ ಸಕ್ಕರೆಗೆ ಫಾಸ್ಫೇಟ್ ಹಚ್ಚುತ್ತಿತ್ತು!

ಈಗ ನಿನ್ನ ಸೆಮಿನಾರಿಗೆ ಮುಖ್ಯವಾದದ್ದು. ಕೋಶದ ಒಳಗಿನ ಕೈನೇಸ್‌ಗಳು ಸ್ವಿಚ್ ಇದ್ದ ಹಾಗೆ ಅಂತ ಎಲ್ಲ ಪುಸ್ತಕದಲ್ಲೂ ಇದೆ, ಹಚ್ಚುವುದು ಒಬ್ಬರು, ತೆಗೆಯುವುದು ಇನ್ನೊಬ್ಬರು, ನಿಮಿಷಗಳ ಆಟ. ಇವು ಹಾಗಲ್ಲ. ನಿಮ್ಮ ಕಡೆ ಕೋಲ್ಡ್ ಸ್ಟೋರೇಜಿನಿಂದ ಒಣದ್ರಾಕ್ಷಿ ಬಾಕ್ಸ್ ಲಾರಿಗೆ ಏರುವ ಮುಂಚೆ ಮಾರ್ಕ್ ಹಾಕುತ್ತಾರಲ್ಲ, ಹಾಗೆ. ಪ್ರೋಟೀನು ಕೋಶದಿಂದ ಹೊರಗೆ ಹೋಗುವ ದಾರಿಯಲ್ಲಿ ಗುರುತು ಬೀಳುತ್ತದೆ, ಹೊರಗೆ ಹೋದ ಮೇಲೆ ಅದು ಎಲ್ಲಿ ಅಂಟಬೇಕು, ಯಾರು ಕತ್ತರಿಸಬೇಕು, ಎಷ್ಟು ದಿನ ಉಳಿಯಬೇಕು ಅನ್ನುವುದನ್ನು ಆ ಗುರುತು ಮೊದಲೇ ತೀರ್ಮಾನ ಮಾಡಿರುತ್ತದೆ. ಹಾಗಾಗಿ ಕ್ಯಾನ್ಸರಿನಲ್ಲಿ ಇವುಗಳ ಪಾತ್ರ ಹುಡುಕುವವರು ಕೋಶದ ಒಳಗಿಗಿಂತ ಜಾಸ್ತಿ ಕೋಶದ ಸುತ್ತಲಿನ ಜಾಗ ನೋಡಬೇಕು. ಅಂಟಿಕೊಳ್ಳುವುದು, ಜರುಗುವುದು, ಪಕ್ಕದ ಅಂಗಾಂಶಕ್ಕೆ ನುಗ್ಗುವುದು.

ಒಂದು ಅಪವಾದ ಇದೆ, ವಿಎಲ್‌ಕೆ. ಇದು ಟೈರೋಸೀನ್ ಅನ್ನುವ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಹಚ್ಚುತ್ತದೆ, ತಾನೇ ಕೋಶದಿಂದ ಹೊರಗೂ ಬರುತ್ತದೆ. ಪ್ಲೇಟ್‌ಲೆಟ್‌ಗಳು ಪ್ರಚೋದನೆ ಸಿಕ್ಕ ಕೂಡಲೇ ಇದನ್ನು ಹೊರಗೆ ಚೆಲ್ಲುತ್ತವೆ ಅಂತ 2014ರಲ್ಲಿ ಗೊತ್ತಾಯಿತು. ಮ್ಯಾಟ್ರಿಕ್ಸ್, ಅಂದರೆ ಕೋಶಗಳ ಸುತ್ತಲಿನ ಪ್ರೋಟೀನ್ ಜಾಲವನ್ನು ಕತ್ತರಿಸುವ ಎಂಎಂಪಿ ಎಂಜೈಮ್‌ಗಳೂ ಇದರ ಗಿರಾಕಿಗಳಲ್ಲಿ ಸೇರಿವೆ. ಆ ಜಾಲ ಕತ್ತರಿಸಿ ಗಡ್ಡೆ ಹರಡಲು ಎಂಎಂಪಿಗಳು ದಾರಿ ಮಾಡಿಕೊಡುತ್ತವೆ ಅಂತ ನಿನಗೆ ಗೊತ್ತೇ ಇದೆ.

ಕ್ಯಾನ್ಸರ್ ಭಾಗ ರಾತ್ರಿ ಬರೆಯುತ್ತೇನೆ, ಈಗ ಜೆಲ್ ಓಡುತ್ತಿದೆ.

---

ಡೈರಿ_ಲ್ಯಾಬ್_ಮನುಷ್ಯ (ಬಾಗಲಕೋಟೆ ಜಿಲ್ಲೆ):

ಕೇಸೀನ್ ಅಂದಕೂಡಲೇ ನಾನು ಬಂದೆ ನೋಡ್ರಿ. ಹಾಲಿನ ಲ್ಯಾಬಿನಲ್ಲಿ ಕೆಲಸ ನಂದು, ಕ್ಯಾನ್ಸರ್ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಈ ಫಾಸ್ಫೇಟ್ ಏನು ಮಾಡುತ್ತದೆ ಅಂತ ದಿನಾ ಬೆಳಗ್ಗೆ ಕಣ್ಣಾರೆ ನೋಡುತ್ತೇನೆ.

ಹಳ್ಳಿಯಿಂದ ಕ್ಯಾನ್ ಬಂದಾಗ ನಾವು ಅಲ್ಕೋಹಾಲ್ ಟೆಸ್ಟ್ ಮಾಡುತ್ತೇವೆ. ಟೆಸ್ಟ್ ಟ್ಯೂಬಿನಲ್ಲಿ ಹಾಲು ಎಷ್ಟೋ ಅಲ್ಕೋಹಾಲೂ ಅಷ್ಟೇ ಹಾಕಿ ಒಮ್ಮೆ ತಲೆಕೆಳಗೆ ಮಾಡಿ ಬೆಳಕಿಗೆ ಹಿಡಿಯುವುದು. ಒಳ್ಳೆ ಹಾಲಾದರೆ ಗಾಜಿನ ಮೇಲೆ ನುಣ್ಣಗೆ ಇಳಿಯುತ್ತದೆ. ಹುಳಿ ಹಿಡಿಯಲು ಶುರುವಾಗಿದ್ದರೆ ಅಥವಾ ಕ್ಯಾಲ್ಸಿಯಂ ಲೆಕ್ಕ ತಪ್ಪಿದ್ದರೆ ಸಣ್ಣ ಸಣ್ಣ ಬಿಳಿ ಕಣ ಗಾಜಿಗೆ ಅಂಟಿಕೊಳ್ಳುತ್ತವೆ. ಆ ಕ್ಯಾನ್ ವಾಪಸ್. ರೈತ ಬೈಯುತ್ತಾನೆ, ನಾವು ಕೇಳಿಸಿಕೊಳ್ಳುತ್ತೇವೆ, ಅದು ಬೇರೆ ಮಾತು.

ಕೇಸೀನಿನ ಮೇಲಿರುವ ಫಾಸ್ಫೇಟ್ ಗುಂಪುಗಳು ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದುಕೊಂಡು ಸಣ್ಣ ಉಂಡೆಗಳಾಗಿ ತೇಲುತ್ತವೆ. ಅದಿಲ್ಲದಿದ್ದರೆ ಅಷ್ಟು ಕ್ಯಾಲ್ಸಿಯಂ ಹಾಲಿನಲ್ಲಿ ಕರಗಿ ನಿಲ್ಲುವುದೇ ಇಲ್ಲ. ಕೆಚ್ಚಲಲ್ಲೇ ಕಲ್ಲು ಕಟ್ಟಬೇಕಿತ್ತು. ಅಂದರೆ ತಂಗಿಯವರು ಹೇಳುತ್ತಿರುವ ಈ ಫ್ಯಾಮ್20ಸಿ ಇಲ್ಲದಿದ್ದರೆ ಬೆಳಗಾವಿ ಕುಂದಾ ಇಲ್ಲ, ಅಲ್ವಾ?

ನನ್ನ ಪ್ರಶ್ನೆ ಏನಂದ್ರೆ, ವಾಟ್ಸಾಪಿನಲ್ಲಿ ಹಾಲು ಕುಡಿದರೆ ಕ್ಯಾನ್ಸರ್ ಅಂತ ಮೆಸೇಜ್ ಬರುತ್ತಲೇ ಇರುತ್ತದೆ. ಈ ಕೇಸೀನ್ ಕೈನೇಸ್ ಅನ್ನುವ ಹೆಸರು ನೋಡಿ ನಾಳೆ ಇನ್ನೊಂದು ಮೆಸೇಜ್ ಹುಟ್ಟುತ್ತದೆ. ಹಾಲಿನಿಂದ ಈ ಕೈನೇಸ್ ನಮ್ಮ ಮೈಗೆ ಬರುತ್ತದಾ?

---

ಸ್ಲೈಡ್_ಡಾಕ್ಟರ್ (ಬೆಳಗಾವಿ):

ಡೈರಿಯವರೇ, ಬರುವುದಿಲ್ಲ. ಹಾಲಿನ ಪ್ರೋಟೀನು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ನಿಮ್ಮ ಮೈಯಲ್ಲಿ ಫ್ಯಾಮ್20ಸಿ ನಿಮ್ಮದೇ ಜೀನಿನಿಂದ ಆಗುತ್ತದೆ, ನೀವು ಹಾಲು ಕುಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆ ಮೆಸೇಜ್ ಬಂದರೆ ಡಿಲೀಟ್ ಮಾಡಿ.

ವಿಜಯಪುರದ ತಂಗಿಗೆ: ನಾನು ಪೆಥಾಲಜಿಸ್ಟ್, ದಿನವೆಲ್ಲ ಗಡ್ಡೆಯ ಸ್ಲೈಡ್ ನೋಡುವುದೇ ಕೆಲಸ. ಅತ್ತೆಯವರ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಚಿಕಿತ್ಸೆ ತೀರ್ಮಾನ ಮಾಡಲು ಫ್ಯಾಮ್20ಸಿ ಟೆಸ್ಟ್ ಅಂತ ಒಂದು ಇಲ್ಲ. ಬೆಳಗಾವಿಯಲ್ಲಷ್ಟೇ ಅಲ್ಲ, ಮುಂಬೈಗೆ ಹೋದರೂ ಇಲ್ಲ. ಸ್ತನ ಕ್ಯಾನ್ಸರಿಗೆ ನಾವು ನೋಡುವುದು ಈಸ್ಟ್ರೋಜನ್ ರಿಸೆಪ್ಟರ್, ಪ್ರೊಜೆಸ್ಟರೋನ್ ರಿಸೆಪ್ಟರ್, ಹರ್2, ಜೊತೆಗೆ ಬಹಳ ಕಡೆ ಕೆಐ-67. ಹರ್2 ಸ್ಕೋರ್ 3+ ಬಂದರೆ ಪಾಸಿಟಿವ್, 2+ ಬಂದರೆ ಹರ್2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳಿಸುತ್ತೇವೆ. ಈ ನಾಲ್ಕು ಸಾಲು ಅತ್ತೆಯವರ ಫೈಲಿನಲ್ಲಿ ಇದೆಯಾ ಅಂತ ಅವರ ಮಗ ನೋಡಲಿ. ಇಲ್ಲದಿದ್ದರೆ ಡಾಕ್ಟರನ್ನು ಕೇಳಲಿ. ಯಾರೋ ದೊಡ್ಡ ಜೀನ್ ಪ್ಯಾನಲ್ ಮಾಡಿಸಿ ಅಂದರೆ ದುಡ್ಡು ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ರಿಪೋರ್ಟ್ ಹೀಗೆ ಬಂದರೆ ಅಥವಾ ಹಾಗೆ ಬಂದರೆ ಔಷಧ ಬದಲಾಗುತ್ತದಾ? ಬದಲಾಗುವುದಿಲ್ಲ ಅಂದರೆ ಆ ದುಡ್ಡು ಮನೆಯಲ್ಲೇ ಇರಲಿ. ಬೆಳಗಾವಿಗೆ ಬಂದು ಹೋಗುವ ಬಸ್ಸು, ರೂಮು, ಊಟ ಅಂತಲೇ ಎಷ್ಟು ಖರ್ಚಾಗುತ್ತದೆ ಅಂತ ನಮಗೆ ಗೊತ್ತು.

ಎರಡನೆಯದು ನಿನ್ನ ಸೆಮಿನಾರಿಗೆ. ನೀನು ಓದಿದ ಪೇಪರ್‌ಗಳಲ್ಲಿ ಬಹುಪಾಲು ಟಿಸಿಜಿಎ ಡೇಟಾ ಬಳಸಿರುತ್ತವೆ, 33 ಬಗೆಯ ಕ್ಯಾನ್ಸರ್‌ಗಳ ದೊಡ್ಡ ಸಂಗ್ರಹ ಅದು. ಇಂಥ ಜೀನ್ ಗಡ್ಡೆಯಲ್ಲಿ ಜಾಸ್ತಿ ಇದೆ, ಜಾಸ್ತಿ ಇದ್ದವರು ಬೇಗ ಹೋಗುತ್ತಾರೆ ಅಂತ ಒಂದು ಗ್ರಾಫ್ ಹಾಕುತ್ತಾರೆ. ನನಗೆ ಇಂಥ ಗ್ರಾಫ್ ನೋಡಿದರೆ ಕೈ ತಡೆಯುತ್ತದೆ, ಯಾಕೆ ಅಂತ ಹೇಳುತ್ತೇನೆ.

ಗಡ್ಡೆಯ ತುಂಡನ್ನು ಅರೆದು ಆರ್‌ಎನ್‌ಎ ತೆಗೆದರೆ ಅದರಲ್ಲಿ ಬರೀ ಕ್ಯಾನ್ಸರ್ ಕೋಶ ಇರುವುದಿಲ್ಲ. ಮೊನ್ನೆ ನೋಡಿದ ಒಂದು ಸ್ತನದ ಗಡ್ಡೆಯ ಸ್ಲೈಡ್ ಹೇಳುತ್ತೇನೆ. ನೀಲಿ ನ್ಯೂಕ್ಲಿಯಸ್‌ಗಳ ಸಣ್ಣ ಸಣ್ಣ ಗುಂಪು ಅಲ್ಲೊಂದು ಇಲ್ಲೊಂದು, ನಡುವೆಲ್ಲ ಗುಲಾಬಿ ಬಣ್ಣದ ನಾರು, ಆ ನಾರಿನೊಳಗೆ ನಾರು ತಯಾರಿಸುವ ಉದ್ದುದ್ದ ಕೋಶಗಳು, ಫೈಬ್ರೋಬ್ಲಾಸ್ಟ್‌ಗಳು. ಅರ್ಧಕ್ಕಿಂತ ಜಾಸ್ತಿ ಜಾಗ ನಾರೇ. ಅದಕ್ಕೇ ಆ ಗಡ್ಡೆ ಕೈಗೆ ಅಷ್ಟು ಗಟ್ಟಿ ಸಿಗುವುದು. ಸೆಕ್ರೆಟರಿ ಪಾಥ್‌ವೇ ಕೈನೇಸ್‌ಗಳು ಹೊರಗೆ ಪ್ರೋಟೀನ್ ಸುರಿಯುವ ಕೋಶಗಳಲ್ಲಿ ಕೆಲಸ ಮಾಡುವಂಥವು, ಫೈಬ್ರೋಬ್ಲಾಸ್ಟ್‌ಗೆ ಅದೇ ಕಸುಬು. ಹಾಗಾಗಿ ಅರೆದ ತುಂಡಿನಲ್ಲಿ ಜೀನ್ ಜಾಸ್ತಿ ಕಂಡರೆ ಅದು ಕ್ಯಾನ್ಸರ್ ಕೋಶದ್ದೋ, ಸುತ್ತಲಿನ ನಾರಿನದ್ದೋ ಹೇಳಲು ಆಗುವುದಿಲ್ಲ. ನಾರು ಜಾಸ್ತಿ ಇರುವ ಗಡ್ಡೆಗಳೇ ಕೆಲವು ಕಡೆ ಕೆಟ್ಟದಾಗಿ ವರ್ತಿಸುತ್ತವೆ, ಆಗ ಈ ಜೀನ್ ಸುಮ್ನೆ ಜೊತೆಗೆ ಬಂದಿರಬಹುದು. ಆ್ಯಂಟಿಬಾಡಿ ಹಾಕಿ ಸ್ಲೈಡಿನ ಮೇಲೆ ಕಂದು ಬಣ್ಣ ಎಲ್ಲಿ ಬಂತು ಅಂತ ತೋರಿಸಿದ ಪೇಪರ್ ಇದ್ದರೆ ಅದಕ್ಕೆ ಜಾಸ್ತಿ ಬೆಲೆ ಕೊಡು. ಒಂದೊಂದೇ ಕೋಶದ ಆರ್‌ಎನ್‌ಎ ನೋಡಿದ ಡೇಟಾ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಭಾಗದಲ್ಲಿ ನಾನು ಜಾಸ್ತಿ ನೋಡುವುದು ಬಾಯಿ ಕ್ಯಾನ್ಸರ್. ನಿಪ್ಪಾಣಿ ತಂಬಾಕಿನ ಹೆಸರು ಎಲ್ಲರಿಗೂ ಗೊತ್ತು, ಗುಟ್ಕಾ ಪೊಟ್ಟಣ ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತದೆ. ಅಲ್ಲಿ ಕಾರಣ ಹುಡುಕಲು ಯಾವ ಹೊಸ ಕೈನೇಸೂ ಬೇಕಾಗಿಲ್ಲ. ಇದನ್ನು ಸೆಮಿನಾರಿನಲ್ಲಿ ಹೇಳಬೇಡ, ಸುಮ್ನೆ ನನ್ನ ಸಿಟ್ಟು.

---

ಗುಮ್ಮಟದೂರಿನವಳು:

ಸರ್, ಬಹಳ ಥ್ಯಾಂಕ್ಸ್. ಅತ್ತೆ ಮಗನಿಗೆ ನಿಮ್ಮ ಉತ್ತರ ಓದಿಸಿದೆ. ಫೈಲ್ ತೆಗೆದು ನೋಡಿದರೆ ನಾಲ್ಕೂ ಇವೆ, ಹರ್2 ನೆಗೆಟಿವ್, ಹಾರ್ಮೋನ್ ರಿಸೆಪ್ಟರ್ ಎರಡೂ ಪಾಸಿಟಿವ್. ಟೆಸ್ಟ್ ವಿಷಯ ಅಲ್ಲಿಗೆ ಬಿಟ್ಟ.

ಘಟಪ್ರಭಾ ಅಣ್ಣಾರೆ, ಜೆಲ್ ಮುಗಿಯಿತಾ? ಒಂದು ಅನುಮಾನ ಇನ್ನೂ ಇದೆ. ಹರ್2 ಕೂಡ ಗಾಲ್ಜಿ ದಾಟಿಯೇ ಕೋಶದ ಮೇಲೆ ಬರುತ್ತದೆ, ಅದೂ ಕೈನೇಸ್. ಹಾಗಾದರೆ ಅದೂ ಸೆಕ್ರೆಟರಿ ಪಾಥ್‌ವೇ ಕೈನೇಸ್ ಅಲ್ವಾ? ಮೇಡಂ ಖಂಡಿತ ಇದನ್ನು ಕೇಳುತ್ತಾರೆ.

---

ಘಟಪ್ರಭಾ_ದಂಡೆ:

ಮುಗಿಯಿತು, ಬ್ಯಾಂಡ್ ಬರಲಿಲ್ಲ, ಆ ಮಾತು ಬಿಡು.

ಹರ್2 ಪ್ರಶ್ನೆ ಚೆನ್ನಾಗಿದೆ. ಅದು ಗಾಲ್ಜಿ ದಾರಿಯಲ್ಲೇ ಬರುತ್ತದೆ, ನಿಜ. ಆದರೆ ಅದರ ಕೈನೇಸ್ ಭಾಗ ಪೊರೆಯ ಈ ಕಡೆ, ಸೈಟೋಸಾಲಿಗೆ ಇಳಿಬಿದ್ದಿರುತ್ತದೆ. ಫ್ಯಾಮ್20ಸಿಯ ಕೈನೇಸ್ ಭಾಗ ಇರುವುದು ಗಾಲ್ಜಿಯ ಹೊಟ್ಟೆಯೊಳಗೆ. ಗಾಲ್ಜಿಯ ಹೊಟ್ಟೆ ಅಂದರೆ ಲೆಕ್ಕದಲ್ಲಿ ಕೋಶದ ಹೊರಗೇ, ಯಾಕಂದ್ರೆ ಅಲ್ಲಿಂದ ಹೊರಟ ಪೊಟ್ಟಣ ಕೋಶದ ಪೊರೆಗೆ ಕೂಡಿಕೊಂಡಾಗ ಒಳಗಿದ್ದದ್ದು ಹೊರಗೆ ಬೀಳುತ್ತದೆ. ಬೋರ್ಡಿನ ಮೇಲೆ ಪೊರೆಯ ಗೆರೆ ಎಳೆದು ಎರಡನ್ನೂ ಬರೆದು ತೋರಿಸು, ಮೇಡಂ ಸುಮ್ಮನಾಗುತ್ತಾರೆ.

ಈಗ ಕ್ಯಾನ್ಸರ್. ಡಾಕ್ಟರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ, ಗ್ರಾಫ್‌ಗಳನ್ನು ಪಕ್ಕಕ್ಕಿಟ್ಟು ಜೀನ್ ತೆಗೆದು ನೋಡಿದ ಪ್ರಯೋಗಗಳಿಂದ ಶುರು ಮಾಡು. ಅದರಲ್ಲಿ ಮುಖ್ಯವಾದದ್ದು 2015ರದು, ಅದೇ ಡಿಕ್ಸನ್ ಗುಂಪು. ಫ್ಯಾಮ್20ಸಿ ಇರುವ ಮತ್ತು ಇಲ್ಲದ ಕೋಶಗಳು ಹೊರಗೆ ಸುರಿದ ಪ್ರೋಟೀನ್‌ಗಳನ್ನು ಹೋಲಿಸಿ, ಇದಕ್ಕೆ ನೂರಕ್ಕೂ ಹೆಚ್ಚು ಗುರಿಗಳಿವೆ ಅಂತ ತೋರಿಸಿದರು. ಹೊರಗೆ ಹೋಗುವ ಫಾಸ್ಫೇಟ್ ಹಚ್ಚಿದ ಪ್ರೋಟೀನ್‌ಗಳಲ್ಲಿ ಬಹುಪಾಲು ಈ ಒಂದೇ ಕೈನೇಸಿನ ಕೆಲಸ. ಅಮೈನೋ ಆಮ್ಲಗಳ ಸಾಲಿನಲ್ಲಿ ಸೀರೀನ್, ಮಧ್ಯೆ ಯಾವುದಾದರೂ ಒಂದು, ಆಮೇಲೆ ಗ್ಲುಟಮೇಟ್, ಈ ಗುರುತು ಇದ್ದರೆ ಅದು ಹಿಡಿಯುತ್ತದೆ. ಅದೇ ಪೇಪರಿನಲ್ಲಿ ಎಂಡಿಎ-ಎಂಬಿ-231 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಫ್ಯಾಮ್20ಸಿ ತೆಗೆದಾಗ ಕೋಶಗಳು ಅಂಟುವುದು, ಜರುಗುವುದು, ನುಗ್ಗುವುದು ಎಲ್ಲ ಏರುಪೇರಾಯಿತು. ಇದು ಡಿಶ್‌ನಲ್ಲಿ ನೋಡಿದ್ದು, ರೋಗಿಯಲ್ಲಲ್ಲ, ಅದನ್ನು ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಬರಿ.

ಯಾವ ಗುರಿಯ ಮೂಲಕ ಹೀಗಾಗುತ್ತದೆ ಅಂತ ಕೇಳಿದರೆ ಆಸ್ಟಿಯೋಪಾಂಟಿನ್ ಹೆಸರು ಹೇಳು, ಗಡ್ಡೆ ಹರಡುವುದರ ಜೊತೆ ಹಳೆಯ ನಂಟು ಇರುವ ಪ್ರೋಟೀನ್, ಅದಕ್ಕೆ ಫ್ಯಾಮ್20ಸಿ ಒಂದಲ್ಲ, ಹಲವು ಕಡೆ ಫಾಸ್ಫೇಟ್ ಹಚ್ಚುತ್ತದೆ. ಆದರೆ ನನಗೆ ಅದಕ್ಕಿಂತ ಇಷ್ಟವಾಗುವುದು ಇಆರ್‌ಒ1-ಆಲ್ಫಾ ಕಥೆ. ಇದು ಪ್ರೋಟೀನ್ ಮಡಚುವಾಗ ಡೈಸಲ್ಫೈಡ್ ಕೊಂಡಿ ಹಾಕಲು ನೆರವಾಗುವ ಎಂಜೈಮ್. ಫ್ಯಾಮ್20ಸಿ ಇದರ 145ನೇ ಸೀರೀನಿಗೆ ಫಾಸ್ಫೇಟ್ ಹಚ್ಚಿದರೆ ಎಂಜೈಮಿನ ವೇಗ ಏರುತ್ತದೆ ಅಂತ 2018ರಲ್ಲಿ ಬಂತು. ಹಾಲು ಕೊಡುವ ಕಾಲದಲ್ಲಿ ಇದು ಹೆಚ್ಚುತ್ತದೆ, ಆಮ್ಲಜನಕ ಕಡಿಮೆ ಆದಾಗಲೂ ಹೆಚ್ಚುತ್ತದೆ. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಅಲ್ಲಿ ಆಮ್ಲಜನಕ ಯಾವಾಗಲೂ ಕೊರತೆಯೇ. ಹಸುವಿನ ಕೆಚ್ಚಲಿಗೆ ಬೇಕಾದ ಅದೇ ಏರ್ಪಾಡು ಗಡ್ಡೆಗೂ ಉಪಯೋಗಕ್ಕೆ ಬರಬಹುದು ಅನ್ನುವ ಊಹೆ ಅಲ್ಲಿಂದ ಹುಟ್ಟುತ್ತದೆ.

ಈಗ ನಿನ್ನ ಎರಡನೇ ಗೊಂದಲ, ಒಂದು ಕೆಟ್ಟದ್ದು ಒಂದು ಒಳ್ಳೆಯದು ಅನ್ನುವುದು. ಇವೆಲ್ಲ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೆ ಅಷ್ಟೇ, ಗುರಿಗಳು ಬೇರೆ ಬೇರೆ. ಎಫ್‌ಜೆಎಕ್ಸ್1 ಮೂಗಿನ ಹಿಂದಿನ ಗಂಟಲ ಕ್ಯಾನ್ಸರಿನಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಜಾಸ್ತಿ ಕಂಡಿದೆ. ನೊಣದಲ್ಲಿ ಇದರ ಜೋಡಿ ಫೋರ್-ಜಾಯಿಂಟೆಡ್, ಗಾಲ್ಜಿಯಲ್ಲಿ ಕೈನೇಸ್ ಇದೆ ಅಂತ 2008ರಲ್ಲಿ ತೋರಿಸಿದ್ದು ಅದರಲ್ಲೇ. ಅದು ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಹಿಪ್ಪೋ ಪಾಥ್‌ವೇಗೆ ಸೇರುವ ಫ್ಯಾಟ್ ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತದೆ. ಇನ್ನೊಂದು ಕಡೆ ಫ್ಯಾಮ್198ಬಿ. ಶ್ವಾಸಕೋಶದ ಅಡಿನೋಕಾರ್ಸಿನೋಮಾದಲ್ಲಿ ಇದು ಜಾಸ್ತಿ ಇದ್ದವರು ಹೆಚ್ಚು ದಿನ ಬದುಕಿದರು, ಎಂಎಂಪಿ-1 ತಯಾರಾಗುವುದನ್ನು ತಡೆದು ಹರಡುವುದನ್ನು ತಗ್ಗಿಸುತ್ತದೆ ಅಂತ 2018ರ ಪೇಪರ್. ಪಿಒಎಂಕೆ ಬಗ್ಗೆ ಉದ್ದ ಬೇಡ, ಡಿಸ್ಟ್ರೋಗ್ಲೈಕಾನ್ ಮೇಲಿನ ಸಕ್ಕರೆ ಸರಿಯಾಗಿ ಆಗದಿದ್ದರೆ ಕೋಶ ತನ್ನ ನೆಲವನ್ನು ಹಿಡಿದುಕೊಳ್ಳುವುದಿಲ್ಲ, ಹಲವು ಗಡ್ಡೆಗಳಲ್ಲಿ ಆ ಸಕ್ಕರೆ ಕಡಿಮೆಯಾಗಿರುವುದು ಕಂಡಿದೆ, ಇಷ್ಟು ಸಾಕು. ಹಾಗಾಗಿ ಸೆಕ್ರೆಟರಿ ಕೈನೇಸ್‌ಗಳು ಕ್ಯಾನ್ಸರ್ ತರುತ್ತವೆ ಅಂತ ಒಟ್ಟಾಗಿ ಹೇಳುವ ಸ್ಲೈಡ್ ಇದ್ದರೆ ಈಗಲೇ ತೆಗೆ.

ಔಷಧ. ಇಮ್ಯಾಟಿನಿಬ್ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಆಮೇಲೆ ಕೈನೇಸ್ ತಡೆಯುವ ಔಷಧಗಳ ದೊಡ್ಡ ಸಾಲೇ ಬಂತು. ಫ್ಯಾಮ್20ಸಿಗೆ ಹಾಗೆ ಪೇಟೆಯಲ್ಲಿ ಸಿಗುವ ಔಷಧ ಇಲ್ಲ. ಬಹಳಷ್ಟು ಕೈನೇಸ್‌ಗಳನ್ನು ಹಿಡಿದು ತಡೆಯುವ ಸ್ಟಾರೋಸ್ಪೋರಿನ್ ಕೂಡ ಇದನ್ನು ಮುಟ್ಟುವುದಿಲ್ಲ. ಎಫ್‌ಎಲ್-1607 ಅಂತ ಒಂದು ಅಣು ಮಾಡಿ, ಮೂರೂ ರಿಸೆಪ್ಟರ್ ಇಲ್ಲದ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಅದು ಲ್ಯಾಬಿನ ಮಾತು. ಸಿಲ್ಮಿಟಾಸರ್ಟಿಬ್ ಹೆಸರು ಎಲ್ಲಾದರೂ ಸಿಕ್ಕರೆ ಸೇರಿಸಬೇಡ, ಅದು ಕೇಸೀನ್ ಕೈನೇಸ್ 2ಕ್ಕೆ.

ಇನ್ನು ಯಾರಾದರೂ ಗಟ್ಟಿಯಾಗಿ ತಡೆಯುವ ಔಷಧ ಮಾಡಿದರು ಅಂತಲೇ ಇಟ್ಟುಕೋ. ಆಗ ಮೂಳೆ ಏನಾಗುತ್ತದೆ? ಫ್ಯಾಮ್20ಸಿ ಜೀನು ಕೆಟ್ಟು ಹುಟ್ಟಿದ ಮಕ್ಕಳಿಗೆ ರೇನ್ ಸಿಂಡ್ರೋಮ್ ಬರುತ್ತದೆ, 1989ರಲ್ಲಿ ಮೊದಲು ವರದಿಯಾದ ರೋಗ. ಮೂಳೆ ಬೇಕಾಬಿಟ್ಟಿ ಗಟ್ಟಿಯಾಗುತ್ತದೆ, ಬಹಳ ಮಕ್ಕಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಾರೆ. ಬದುಕಿ ಉಳಿದವರಲ್ಲಿ ರಕ್ತದ ಫಾಸ್ಫೇಟ್ ಕಡಿಮೆ ಇರುವುದು ಕಾಣುತ್ತದೆ. ಯಾಕಂದ್ರೆ ಎಫ್‌ಜಿಎಫ್23 ಅನ್ನುವ ಹಾರ್ಮೋನನ್ನು ಕತ್ತರಿಸಲು ಫ್ಯಾಮ್20ಸಿ ಹಚ್ಚುವ ಫಾಸ್ಫೇಟ್ ಬೇಕು. ಅದಿಲ್ಲದಿದ್ದರೆ ಹಾರ್ಮೋನ್ ಇಡಿಯಾಗಿ ಉಳಿದು ಮೂತ್ರದಲ್ಲಿ ಫಾಸ್ಫೇಟ್ ಹೊರಗೆ ತಳ್ಳುತ್ತಲೇ ಇರುತ್ತದೆ. ಇದರ ಜೊತೆಗಾರ ಫ್ಯಾಮ್20ಎ ಕೆಟ್ಟರೆ ಹಲ್ಲಿನ ಎನಾಮಲ್ ಆಗುವುದಿಲ್ಲ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ದೊಡ್ಡವರಲ್ಲಿ ಕೆಲವು ತಿಂಗಳು ಔಷಧ ಕೊಡುವುದು ಹುಟ್ಟಿನಿಂದ ಜೀನ್ ಇಲ್ಲದಿರುವುದಕ್ಕೆ ಸಮ ಅಲ್ಲ, ನಿಜ. ಆದರೂ ಔಷಧದ ಸ್ಲೈಡ್ ಹಾಕಿದರೆ ಅದರ ಪಕ್ಕದಲ್ಲೇ ರೇನ್ ಸಿಂಡ್ರೋಮ್ ಎಕ್ಸ್‌ರೇ ಹಾಕು.

---

ಡೈರಿ_ಲ್ಯಾಬ್_ಮನುಷ್ಯ:

ಅಣ್ಣಾರೆ, ಹಾಲು ಕೊಡುವ ಕಾಲದಲ್ಲಿ ಹೆಚ್ಚುತ್ತದೆ ಅಂದಿರಲ್ಲ, ಅದು ಹಸುವಿನಲ್ಲಿ ನೋಡಿದ್ದಾ?

---

ಘಟಪ್ರಭಾ_ದಂಡೆ:

ಇಲಿಯಲ್ಲಿ. ಹಸುವಿನ ಕೆಚ್ಚಲು ಲ್ಯಾಬಿನೊಳಗೆ ಹಿಡಿಸುವುದಿಲ್ಲ ನೋಡ್ರಿ.

---

ಗುಮ್ಮಟದೂರಿನವಳು:

ಸ್ಲೈಡ್ ಪೂರ್ತಿ ಬದಲಾಯಿಸುತ್ತಿದ್ದೇನೆ. ಮೊದಲು ಪೊರೆಯ ಚಿತ್ರ, ಆಮೇಲೆ ಕೇಸೀನ್, 2015ರ ಪ್ರಯೋಗ, ಎಫ್‌ಜೆಎಕ್ಸ್1 ಮತ್ತು ಫ್ಯಾಮ್198ಬಿ ಎದುರುಬದುರು, ಕೊನೆಗೆ ರೇನ್ ಸಿಂಡ್ರೋಮ್. ಬದುಕುಳಿದ ದಿನಗಳ ಗ್ರಾಫ್ ಒಂದೇ ಇಟ್ಟುಕೊಂಡಿದ್ದೇನೆ, ಅದರ ಕೆಳಗೆ ಗಡ್ಡೆಯ ತುಂಡಿನಲ್ಲಿ ಫೈಬ್ರೋಬ್ಲಾಸ್ಟ್ ಕೂಡ ಇವೆ ಅಂತ ಬರೆದಿದ್ದೇನೆ. ಡಾಕ್ಟರ್ ಸರ್, ನಾರು ಜಾಸ್ತಿ ಇರುವ ಸ್ಲೈಡಿನ ಒಂದು ಫೋಟೋ, ರೋಗಿಯ ಹೆಸರು ನಂಬರ್ ಏನೂ ಇಲ್ಲದ್ದು, ಹಾಕಲು ಆಗುತ್ತದಾ?

---

ಸ್ಲೈಡ್_ಡಾಕ್ಟರ್:

ರೋಗಿಯ ಸ್ಲೈಡ್ ಇಲ್ಲಿ ಹಾಕುವುದಿಲ್ಲ ತಂಗಿ, ಹೆಸರಿಲ್ಲದಿದ್ದರೂ. ಹ್ಯೂಮನ್ ಪ್ರೋಟೀನ್ ಅಟ್ಲಾಸ್ ವೆಬ್‌ಸೈಟಿಗೆ ಹೋಗಿ ಫ್ಯಾಮ್20ಸಿ ಅಂತ ಹುಡುಕು. ಅಲ್ಲಿ ಬಣ್ಣ ಹಾಕಿದ ಅಂಗಾಂಶದ ಚಿತ್ರಗಳು ಪುಕ್ಕಟೆ ಇವೆ, ಎಲ್ಲಿಂದ ತೆಗೆದದ್ದು ಅಂತ ಕೆಳಗೆ ಬರೆದರೆ ಸಾಕು. ದೊಡ್ಡದು ಮಾಡಿ ನೋಡು, ಬಣ್ಣ ಕ್ಯಾನ್ಸರ್ ಕೋಶದ ಗುಂಪಿನಲ್ಲಿದೆಯಾ, ನಾರಿನಲ್ಲಿದೆಯಾ ಅಂತ ನೀನೇ ಹೇಳಬಹುದು. ಆ್ಯಂಟಿಬಾಡಿ ಎಷ್ಟು ನಂಬಬಹುದು ಅನ್ನುವುದನ್ನೂ ಅದೇ ಪುಟದಲ್ಲಿ ಬರೆದಿರುತ್ತಾರೆ, ಅದನ್ನು ಓದದೆ ಚಿತ್ರ ತೆಗೆದುಕೊಳ್ಳಬೇಡ.